ಮಿಷನರಿ ವೈಮಾನಿಕರ ಶಿಕ್ಷಣ

ನಂಜನಗೂಡಿನಿಂದ ಮೈಸೂರಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿಯೇ ಮಂಡಕಳ್ಳಿಯ ವಿಮಾನನಿಲ್ದಾಣವಿದೆ. ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನ ಮಾಡಿಕೊಂಡು ಹಿಂದಿರುಗುವ ಯಾತ್ರಿಕರಿಗೆ ವಿಮಾನವು ಈಗ ಅಚ್ಚರಿಯ ವಸ್ತುವಲ್ಲ. ಆದರೆ ವಿಮಾನ ನಡೆಸುವುದನ್ನು ಕಲಿತು, ಆ ವಿದ್ಯೆಯನ್ನು ಕ್ರೈಸ್ತಮತದ ಸೇವೆಗೇ ಮೀಸಲಿಡುವ ವೃತ್ತಿಯೊಂದು ಲೋಕದಲ್ಲುಂಟೆಂಬುದನ್ನು ಈ ಸೀಮೆಯಲ್ಲಿ ಬಲ್ಲವರು ವಿರಳ.

ಎರಡನೆಯ ಮಹಾಯುದ್ಧವು ಮುಗಿದ ೧೯೪೫ರಲ್ಲಿ ಅಮೆರಿಕದ ಕೆಲವು ಯುದ್ಧವೈಮಾನಿಕರು ಒಂದು ಸಂಘವನ್ನು ಸ್ಥಾಪಿಸಿದರು. ಅದೇ ಮುಂದೆ ಮಿಷನ್ ಏವಿಯೇಷನ್ ಫೆಲೋಷಿಪ್ ಎಂದು ಹೆಸರಾಯಿತು. ಮರುವರ್ಷ ಬೆಟ್ಟಿ ಗ್ರೀನ್ ಎಂಬ ಮಹಿಳೆಯು ಮೆಕ್ಸಿಕೋ ದೇಶದಲ್ಲಿ ಅದರ ಪ್ರಥಮ ಹಾರಾಟವನ್ನು ನಡೆಸಿದರು. ಆ ವರ್ಷವೇ ಷಿಕಾಗೋ ನಗರದ ಮೂಡಿ ಬೈಬಲ್ ವಿದ್ಯಾಲಯವು ಇಂಥವರ ಶಿಕ್ಷಣಕ್ಕೆ ಉಪಕ್ರಮಿಸಿತು. ಅಲ್ಲಿಯ ವಿದ್ಯಾರ್ಥಿಯು ಧರ್ಮಗ್ರಂಥದೊಡನೆ ಹಾರಾಟವನ್ನೂ ಯಂತ್ರದ ದುರಸ್ತಿಯನ್ನೂ ಅಭ್ಯಸಿಸಬೇಕಾಗಿತ್ತು. ಏಕೆಂದರೆ ನಿರ್ಜನವಾದ ಕಾಡಿನಲ್ಲಿ ಯಂತ್ರ ಕೆಟ್ಟರೆ ಸರಿಪಡಿಸಿಕೊಡಲು ಬೇರೊಬ್ಬನು ದೊರೆಯುವುದಿಲ್ಲ. ಔಷಧಗಳನ್ನು ಒಯ್ಯುವುದು, ರೋಗಿಗಳನ್ನು ಸಾಗಿಸುವುದು, ಗುಡ್ಡಗಳ ನಡುವಣ ಕಿರಿದಾದ ಬಯಲಿನಲ್ಲಿ ಇಳಿಯುವುದು, ಇವೇ ಈ ವೈಮಾನಿಕರ ನಿತ್ಯಕರ್ಮ.

ಇಷ್ಟು ಕಲಿತರೆ ಸಾಕೆ? ವಾಹನವು ಹೊಸದಾದರೂ ಈ ಪ್ರಶ್ನೆಯು ಹಳೆಯದು. ಮೈಸೂರಿನ ಇತಿಹಾಸದಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ೧೭೯೨ರಲ್ಲಿ ಫ್ರಾನ್ಸಿನಿಂದ ಹೊರಟ ಆಬೆ ದುಬುವಾ ಎಂಬ ಪಾದ್ರಿಯು, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಈ ಸೀಮೆಗೆ ಬಂದನು. ದೇಶೀಯರ ಉಡುಪನ್ನು ಧರಿಸಿ, ಅವರ ಆಚಾರಗಳನ್ನು ಅನುಸರಿಸಿ, ಅವರ ನಡುವೆ ಬಾಳಿದನು. ಸಿಡುಬಿನ ಕಾಲದಲ್ಲಿ ದೇವಿ ಹಾಕಿಸುವ ಕಾರ್ಯಕ್ಕೆ ಮುಂದಾದನು. ೧೮೦೩-೦೪ರಲ್ಲಿ ೨೫,೪೩೨ ಮಂದಿಗೆ ದೇವಿ ಹಾಕಲಾಯಿತೆಂದು ಲೆಕ್ಕದಲ್ಲಿ ಕಾಣುತ್ತದೆ. ಹಿಂದೂಗಳ ಆಚಾರಗಳನ್ನು ಕುರಿತ ಅವನ ಗ್ರಂಥವು ೧೮೧೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಪ್ರಸಿದ್ಧಿ ಪಡೆಯಿತು. ಆದರೆ ಅದರ ಬಹುಭಾಗವು ಕೂರ್ದು ಎಂಬ ಹಿಂದಿನ ಪಾದ್ರಿಯ ಬರಹದಿಂದ ತೆಗೆದುದೆಂದು ಸಿಲ್ವಿಯಾ ಮೂರ್ ಎಂಬ ವಿದುಷಿಯು ೧೯೮೭ರಲ್ಲಿ ತೋರಿಸಿಕೊಟ್ಟರು. ೧೮೨೩ರಲ್ಲಿ ಸ್ವದೇಶಕ್ಕೆ ಮರಳಿದ ದುಬುವಾ, ಹಿಂದೂಗಳನ್ನು ಮತಾಂತರಗೊಳಿಸುವುದು ಅಸಾಧ್ಯವೆಂದು ತಾನೇ ಬರೆದನು. ಉಪದೇಶವು ಫಲಿಸಲಿಲ್ಲ, ದೇವಿ ಹಾಕಿಸಿದುದು ಫಲಿಸಿತು.

ವಿಮಾನವು ಬಂದ ಮೇಲೆ ಈ ಪ್ರಶ್ನೆಯು ಮತ್ತಷ್ಟು ತೀಕ್ಷ್ಣವಾಯಿತು. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಲ್ಲಿ ನೇಟ್ ಸೇಂಟ್ ಎಂಬ ವೈಮಾನಿಕನು ವಾವೊರಾನಿ ಎಂಬ ವನವಾಸಿಗಳಿಗೆ, ಆಕಾಶದಲ್ಲಿ ಸುತ್ತುತ್ತಲೇ ಉದ್ದನೆಯ ಹಗ್ಗದಿಂದ ಕಾಣಿಕೆಗಳನ್ನು ಇಳಿಸುತ್ತಿದ್ದನು. ಅವನ ಕೌಶಲವು ಅಸಾಧಾರಣವಾದುದು. ಆದರೆ ಅವನಿಗೂ ಅವನ ಸಂಗಡಿಗರಿಗೂ ಆ ಜನರ ನುಡಿಯಲ್ಲಿ ತಿಳಿದಿದ್ದುದು ಕೆಲವೇ ಮಾತುಗಳು. ನದಿಯ ಮರಳಿನ ಮೇಲೆ ವಿಮಾನವನ್ನಿಳಿಸಿದ ಆ ಐವರೂ ೧೯೫೬ರ ಜನವರಿ ೮ರಂದು ಈಟಿಗಳಿಗೆ ಬಲಿಯಾದರು. ವಾವೊರಾನಿಗಳಲ್ಲೇ ಒಬ್ಬನು ಆಡಿದ ಸುಳ್ಳಿನಿಂದ ಸಂಶಯ ಹುಟ್ಟಿತ್ತೆಂದು ಮುಂದೆ ತಿಳಿದುಬಂದಿತು. ಅದನ್ನು ನಿವಾರಿಸಬಲ್ಲ ಮಾತು ಬಂದವರ ನಾಲಗೆಯಲ್ಲಿರಲಿಲ್ಲ. ೧೯೫೮ರಲ್ಲಿ ನೇಟನ ಅಕ್ಕನೂ ಹತರಾದವರೊಬ್ಬರ ವಿಧವೆಯೂ ಅದೇ ಜನರ ನಡುವೆ ವಾಸಮಾಡಹೋದರು. ಅವರು ಆ ಕುಲದ ದಯೂಮಾ ಎಂಬವಳಿಂದ ನುಡಿಯನ್ನು ಕಲಿತು, ಅವಳೊಡನೆಯೇ ಕಾಲ್ನಡಿಗೆಯಲ್ಲಿ ಹೋದವರು.

ನುಡಿಯನ್ನು ಕಲಿಯುವುದಕ್ಕೆ ಹತ್ತಿರದ ದಾರಿಯಿಲ್ಲ. ೧೮೫೩ರಲ್ಲಿ ಕನ್ನಡನಾಡಿಗೆ ಬಂದ ಕಿಟ್ಟೆಲರ ನಿಘಂಟು ಅಚ್ಚಾಗಿ ಹೊರಬಿದ್ದುದು ೧೮೯೪ರಲ್ಲಿ, ನಾಲ್ವತ್ತೊಂದು ವರ್ಷಗಳ ಮೇಲೆ. ಅವರ ಮತವನ್ನು ಒಪ್ಪದ ಪಂಡಿತರೂ ಆ ನಿಘಂಟನ್ನು ಆದರದಿಂದ ತೆರೆಯುತ್ತಾರೆ.

ನಂಜನಗೂಡಿನಿಂದ ಮುಂದೆ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಮೂರನೆಯದಾದ ಸ್ಫಟಿಕ ಸರೋವರವು ಕಣ್ಣಿಗೆ ಕಾಣದು. ಆದರೂ ಅದಿಲ್ಲದೆ ಸಂಗಮವನ್ನು ತ್ರಿವೇಣಿಯೆಂದು ಯಾರೂ ಕರೆಯರು. ಹಾರಾಟ, ದುರಸ್ತಿ, ಪರರ ನುಡಿ ಎಂಬ ಈ ಮೂರರಲ್ಲಿ ಮೊದಲೆರಡನ್ನು ಪರೀಕ್ಷಿಸಿ ಪತ್ರ ಕೊಡುವವರುಂಟು. ಮೂರನೆಯದನ್ನು ಪರೀಕ್ಷಿಸುವವರು ಕೆಳಗೆ ನಿಂತು ಆಕಾಶವನ್ನು ನೋಡುತ್ತಿರುವ ಜನರೇ.