ಬುಕ್ಕಾಂಬುಧಿಯಿಂದ ಅಮೃತಾಪುರದವರೆಗೆ: ನೀರು, ಹುಲ್ಲು ಮತ್ತು ಕಲ್ಲಿನ ನಾಡು

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಪ್ರವಾಸಿಗರ ಕಣ್ಮುಂದೆ ಬರುವುದು ಮುಳ್ಳಯ್ಯನಗಿರಿ, ಕಾಫಿ ತೋಟ ಮತ್ತು ಮಂಜು ಮುಸುಕಿದ ಘಾಟಿ ರಸ್ತೆ. ಇದೇ ಜಿಲ್ಲೆಯ ಬಯಲು ಭಾಗವಾದ ಕಡೂರು, ತರೀಕೆರೆ ಮತ್ತು ಅಜ್ಜಂಪುರಗಳು ಹೆಚ್ಚಿನವರ ಪಾಲಿಗೆ ರೈಲಿನ ಕಿಟಕಿಯಿಂದ ಕಂಡು ಮರೆಯಾಗುವ ಊರುಗಳು. ತರೀಕೆರೆಯ ಹೆಸರನ್ನಾದರೂ ಶಾಲೆಯ ಮಕ್ಕಳು ಏರಿಯ ಮೇಲಿನ ಕರಿ ಕುರಿಮರಿಗಳ ನಾಲಿಗೆ ತೊಡಕಿನಿಂದ ಬಲ್ಲರು. ಬುಕ್ಕಾಂಬುಧಿಗೆ ಆ ಭಾಗ್ಯವೂ ಇಲ್ಲ.

ಆದರೆ ಈ ಭಾಗದಲ್ಲಿ ಎರಡು ದಿನ ಸುತ್ತಾಡುವವರಿಗೆ ಮೂರು ಬಗೆಯ ಸ್ಮಾರಕಗಳು ಕಾಣಸಿಗುತ್ತವೆ: ಕೆರೆ, ಹುಲ್ಲುಗಾವಲು ಮತ್ತು ಗುಡಿ. ಇವುಗಳಲ್ಲಿ ಗುಡಿಯೊಂದನ್ನು ಮಾತ್ರ ಸ್ಮಾರಕವೆಂದು ಕರೆಯುವುದು ವಾಡಿಕೆ. ಅದರ ಮುಂದೆ ಪುರಾತತ್ವ ಇಲಾಖೆಯ ನೀಲಿ ಫಲಕವಿದೆ. ಉಳಿದೆರಡಕ್ಕೆ ಅಂತಹ ರಕ್ಷಣೆ ದೊರೆತಿರುವುದು ಅಪರೂಪ.

ಹೆಸರಿನಲ್ಲಿ ಸಮುದ್ರ

ಅಂಬುಧಿ ಎಂದರೆ ಸಮುದ್ರ. ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ ಬಯಲುಸೀಮೆಯ ಹಳ್ಳಿಗೆ ಈ ಹೆಸರು ಬಂದುದರ ಹಿಂದೆ ಕೆರೆಗಳಿಗೆ ಹೆಸರಿಡುವ ಹಳೆಯ ಪದ್ಧತಿಯಿದೆ. ಮಳೆ ನೀರನ್ನು ತಡೆದು ನಿಲ್ಲಿಸಿದ ದೊಡ್ಡ ಕೆರೆಯನ್ನು ಶಾಸನಗಳು ಸಮುದ್ರ, ಸಾಗರ, ಅಂಬುಧಿ ಎಂದೇ ಗೌರವದಿಂದ ಕರೆಯುತ್ತವೆ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಹೆಸರಿನಲ್ಲಿರುವುದೂ ಒಂದು ಕೆರೆಯೇ. ಬುಕ್ಕ ಎಂಬ ಮೊದಲ ಭಾಗವಂತೂ ವಿಜಯನಗರದ ಅರಸರನ್ನು ನೆನಪಿಗೆ ತರುತ್ತದೆ. ಹಂಪಿಯ ಬಳಿಯ ಬುಕ್ಕಸಾಗರ ಮತ್ತು ಅನಂತಪುರದ ಪಕ್ಕದ ಬುಕ್ಕರಾಯಸಮುದ್ರ ಇದೇ ಕುಟುಂಬಕ್ಕೆ ಸೇರಿದ ಹೆಸರುಗಳು.

ಆ ಕಾಲದಲ್ಲಿ ಒಂದು ಕೆರೆ ಕಟ್ಟುವುದೆಂದರೆ ಎಷ್ಟು ದೊಡ್ಡ ಉದ್ಯಮವಾಗಿತ್ತು ಎಂಬುದನ್ನು ತಿಳಿಯಲು ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಶಾಸನವನ್ನು ನೋಡಬೇಕು. ಬುಕ್ಕರಾಯನ ಮಗನಾದ ಭಾಸ್ಕರ 1369ರಲ್ಲಿ ಹಾಕಿಸಿದ ಈ ಶಾಸನದ ಪ್ರಕಾರ, ಅಲ್ಲಿನ ಕೆರೆಗೆ ದಿನಕ್ಕೆ ಸಾವಿರ ಮಂದಿ ದುಡಿದರು, ಕಲ್ಲು ಸಾಗಿಸಲು ನೂರು ಬಂಡಿಗಳಿದ್ದವು, ಕೆಲಸ ಮುಗಿಯಲು ಎರಡು ವರ್ಷ ಹಿಡಿಯಿತು. ಒಳ್ಳೆಯ ಕೆರೆಗೆ ಇರಬೇಕಾದ 12 ಲಕ್ಷಣಗಳನ್ನೂ ಇರಬಾರದ 6 ದೋಷಗಳನ್ನೂ ಅದು ಪಟ್ಟಿ ಮಾಡುತ್ತದೆ. ಏರಿ ಸೋರಬಾರದು, ನೆಲ ಚೌಳಾಗಿರಬಾರದು, ನೀರಿಗಿಂತ ಭೂಮಿ ಹೆಚ್ಚಾಗಿಯೂ ಇರಬಾರದು, ಕಡಿಮೆಯಾಗಿಯೂ ಇರಬಾರದು ಎಂಬಂತಹ ಮಾತುಗಳು ಇಂದಿನ ನೀರಾವರಿ ಎಂಜಿನಿಯರರಿಗೂ ಒಪ್ಪಿಗೆಯಾಗುವಂಥವು.

ಬುಕ್ಕಾಂಬುಧಿಯಲ್ಲಿ ಕೆರೆಯೊಂದಿಗೆ ನೋಡಬೇಕಾದದ್ದು ಅಲ್ಲಿನ ಬೆಟ್ಟ. ವೀರಶೈವ ಭಕ್ತರು ಇದನ್ನು ತಪೋಭೂಮಿಯೆಂದು ಕಾಣುತ್ತಾರೆ. ಮಳೆ ಹಿಡಿದ ವರ್ಷಗಳಲ್ಲಿ ಸುತ್ತಲಿನ ಬಯಲು ಹಸಿರಾಗಿರುತ್ತದೆ. ಬರಗಾಲದಲ್ಲಿ ಬಂದವರಿಗೆ ಈ ಊರಿನ ಹೆಸರಿನ ಅರ್ಥ ಹೇಳಿದರೆ ನಂಬುವುದು ಕಷ್ಟ.

ಬೆಣ್ಣೆ ಚಾವಡಿಯ ರಾಸುಗಳು

ಈರುಳ್ಳಿ ಬೆಳೆಗೆ ಹೆಸರಾದ ಅಜ್ಜಂಪುರ ಬಹುಕಾಲ ತರೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾಗಿತ್ತು. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಊರಿನ ನಿಜವಾದ ಹಿರಿಮೆ ಇರುವುದು ಇಲ್ಲಿನ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರದಲ್ಲಿ.

ಮೈಸೂರು ಅರಸರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಸಾಕಿದ ಹಸುಗಳ ಮಂದೆಯನ್ನು ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿ ವ್ಯವಸ್ಥೆಗೊಳಿಸಿದರು. ಅದಕ್ಕೆ ಅಮೃತ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ಹೆಸರಿನಲ್ಲಿ ಬೆಣ್ಣೆಯೂ ಅಮೃತವೂ ಇದ್ದರೂ ಈ ತಳಿಯ ಹಸು ಕೊಡುವ ಹಾಲು ಅತ್ಯಲ್ಪ. ಇದರ ಖ್ಯಾತಿ ಇರುವುದು ಎತ್ತುಗಳ ವೇಗ ಮತ್ತು ಸಹನಶಕ್ತಿಯಲ್ಲಿ. ಬೂದು ಬಣ್ಣದ ಮೈ, ನೀಳವಾದ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಚೂಪಾಗುವ ಉದ್ದನೆಯ ಕೊಂಬು, ಅಪರಿಚಿತರನ್ನು ಹತ್ತಿರ ಬಿಡದ ಸಿಡುಕು ಸ್ವಭಾವ ಇವುಗಳ ಗುರುತು. ಆದ್ದರಿಂದ ಮಂದೆಯ ಬಳಿ ಹೋಗುವವರು ಕಾಯುವವರ ಮಾತು ಮೀರದಿರುವುದು ಒಳ್ಳೆಯದು.

ಯುದ್ಧದಲ್ಲಿ ಫಿರಂಗಿ ಎಳೆಯಲು, ಸಾಮಗ್ರಿ ಸಾಗಿಸಲು ಇವನ್ನು ಬಳಸಿದವರಲ್ಲಿ ಹೈದರಾಲಿ ಪ್ರಮುಖ. ಚಿದಂಬರಂನ ನೆರವಿಗೆಂದು ಆತ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದಲೇ. ಜನರಲ್ ಮೆಡೋಸ್‌ನ ಸೇನೆಯ ಎದುರು ಟಿಪ್ಪು ಎರಡು ದಿನಗಳಲ್ಲಿ 63 ಮೈಲಿ ಕ್ರಮಿಸಿದ್ದೂ ಹಾಗೆಯೇ ಎಂದು ಮೈಸೂರಿನ ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. 1799ರ ನಂತರ ಮಂದೆ ಬ್ರಿಟಿಷರ ಕೈಸೇರಿತು. ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಅವರು ಅದನ್ನು ಮಾರಿಬಿಟ್ಟರು. ಅಂತಹ ಎತ್ತುಗಳು ಬೇರೆಲ್ಲೂ ಸಿಗುವುದಿಲ್ಲವೆಂದು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಆರು ವರ್ಷಗಳ ಉಳಿತಾಯ ಕೊನೆಗೆ ದುಬಾರಿಯಾಗಿಯೇ ಪರಿಣಮಿಸಿತು.

ಈ ತಳಿಯನ್ನು ರೂಪಿಸಿದ್ದು ಕೊಟ್ಟಿಗೆಯಲ್ಲ, ಕಾವಲು. ಮಂದೆಗೆಂದು ಮೀಸಲಿಟ್ಟ ಹುಲ್ಲುಗಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತುವಿಗೆ ತಕ್ಕಂತೆ ರಾಸುಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಡೆಸಲಾಗುತ್ತಿತ್ತು. ಕೆರೆಯಂಗಳದಲ್ಲಿ ನೀರು ಮತ್ತು ನೆರಳಿರುವ ಕಡೆ ಬೇಸಿಗೆ ಕಳೆದು, ಮಳೆ ಬಿದ್ದೊಡನೆ ಬಯಲಿಗೆ ಹೊರಡುವ ಕ್ರಮವದು. ಹೀಗೆ ಮೀಸಲಾಗಿದ್ದ ಭೂಮಿ ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಾಗಿತ್ತು. ಭೂಹಂಚಿಕೆ, ಒತ್ತುವರಿ, ಅರಣ್ಯೀಕರಣ ಮತ್ತು ಸರಕಾರಿ ಯೋಜನೆಗಳಿಗೆ ಮಂಜೂರಾತಿ ಎಂದು ಕರಗುತ್ತ ಬಂದು, ಈಗ ಉಳಿದಿರುವುದು ಅದರ ಸಣ್ಣ ಪಾಲು. ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸಾವಿರಾರು ಎಕರೆ ಕಾವಲು ನೀಡಿದಾಗ ಎದ್ದ ವಿವಾದ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು.

ಹುಲ್ಲುಗಾವಲನ್ನು ಪಾಳು ಭೂಮಿ ಎಂದು ತಿಳಿಯುವ ಅಭ್ಯಾಸಕ್ಕೆ ಒಂದು ಅಪವಾದ ಕಡೂರು ತಾಲ್ಲೂಕಿನಲ್ಲಿದೆ. ಇಲ್ಲಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಕೃಷ್ಣಮೃಗಗಳಿಗೆ ಇದು ಆಸರೆ. ದನ ಮೇಯುವ ನೆಲದಲ್ಲಿಯೇ ವನ್ಯಜೀವಿಗಳೂ ಉಳಿದಿರುವುದು ಇಲ್ಲಿನ ವಿಶೇಷ. ಗಂಡು ಕರುಗಳನ್ನು ಇಲಾಖೆ ಹರಾಜಿನಲ್ಲಿ ರೈತರಿಗೆ ಮಾರುತ್ತದೆ. ಟ್ರ್ಯಾಕ್ಟರ್ ಬಂದ ಮೇಲೂ ಅಂದದ ಜೋಡಿಗಾಗಿ ಪೈಪೋಟಿ ನಿಂತಿಲ್ಲ.

ಸುರಂಗದಲ್ಲಿ ಬರುವ ಭದ್ರೆ

ಅಜ್ಜಂಪುರದ ಹೊಸ ಹೆಗ್ಗುರುತು ನೆಲದಡಿಯಲ್ಲಿದೆ. ತುಂಗೆಯಿಂದ ಭದ್ರಾ ಜಲಾಶಯಕ್ಕೆ, ಅಲ್ಲಿಂದ ಬಯಲುಸೀಮೆಗೆ ನೀರೆತ್ತುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಯ ಪಂಪ್‌ಹೌಸ್‌ಗಳಿಂದ ಮೇಲೇರಿದ ನೀರು, ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಉದ್ದದ ಸುರಂಗದಲ್ಲಿ ಸಾಗಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್ ಭೂಮಿಗೆ ಹನಿ ನೀರಾವರಿ, ಜೊತೆಗೆ ಕೆರೆಗಳ ಭರ್ತಿ ಇದರ ಗುರಿ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ನೆರವಿನ ಘೋಷಣೆಯೂ ಆಯಿತು. ಈ ಮಾರ್ಗದ ನೀರು ಸೇರುವ ಹಿರಿಯೂರಿನ ವಾಣಿವಿಲಾಸ ಸಾಗರ 2022ರಲ್ಲಿ, ಉತ್ತಮ ಮಳೆಯ ಬಲವೂ ಕೂಡಿ, 1933ರ ಬಳಿಕ ಮೊದಲ ಬಾರಿಗೆ ಕೋಡಿ ಬಿದ್ದಿತು. ತಮ್ಮ ನೆಲದಡಿ ಹರಿಯುವ ನೀರು ತಮ್ಮ ಕೆರೆಗೂ ಬರಲಿ ಎಂಬುದು ದಾರಿಯ ಹಳ್ಳಿಗಳ ಸಹಜ ಅಪೇಕ್ಷೆ.

ಅಮೃತೇಶ್ವರನ ಗುಡಿ

ತರೀಕೆರೆಯಿಂದ ಸುಮಾರು 10 ಕಿ.ಮೀ. ದೂರದ ಅಮೃತಾಪುರ ಈ ಪ್ರವಾಸದ ಶಿಖರ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ದೇವಾಲಯವಿದು. ಬೇಲೂರು ಹಳೇಬೀಡುಗಳ ಜನಜಂಗುಳಿ ಇಲ್ಲಿಲ್ಲ. ತೆಂಗು ಅಡಕೆಯ ತೋಟಗಳ ನಡುವೆ, ಸಮಾನ ಅಂತರದಲ್ಲಿ ದುಂಡನೆಯ ಕೆತ್ತನೆಗಳಿರುವ ಹಳೆಯ ಪ್ರಾಕಾರದೊಳಗೆ ಗುಡಿ ಶಾಂತವಾಗಿ ನಿಂತಿದೆ.

ಒಂದೇ ಗರ್ಭಗುಡಿಯ ಏಕಕೂಟ ವಿನ್ಯಾಸ, ಅದಕ್ಕೆ ಹೊಂದಿಕೊಂಡ ಮುಚ್ಚಿದ ನವರಂಗ, ಮುಂದೆ ವಿಶಾಲವಾದ ತೆರೆದ ಮಂಟಪ. ಕಡೆದು ಹೊಳಪು ಕೊಟ್ಟ ಕಂಬಗಳ ಸಾಲು ಬೆಳವಾಡಿಯ ವೀರನಾರಾಯಣ ದೇವಾಲಯವನ್ನು ನೆನಪಿಸುತ್ತದೆ. ಮೂಲ ಶಿಖರ ಉಳಿದಿದೆ. ಶುಕನಾಸಿಯ ಮೇಲೆ ಸಳನು ಸಿಂಹದೊಡನೆ ಹೋರಾಡುವ ಹೊಯ್ಸಳ ಲಾಂಛನವೂ ಇದೆ. ಮುಂದೆ ಹೆಸರಾಂತ ಶಿಲ್ಪಿಯಾದ ರೂವಾರಿ ಮಲ್ಲಿತಮ್ಮ ತನ್ನ ವೃತ್ತಿಯ ಆರಂಭದಲ್ಲಿ ಇಲ್ಲಿ ದುಡಿದನು. ಮಂಟಪದ ಭುವನೇಶ್ವರಿಗಳನ್ನು ಕತ್ತೆತ್ತಿ ನೋಡುವಾಗ ಇದು ನೆನಪಿನಲ್ಲಿರಬೇಕು.

ಅವಸರವಿಲ್ಲದವರು ತೆರೆದ ಮಂಟಪದ ಹೊರಗೋಡೆಯ ಸುತ್ತ ನಡೆಯಬೇಕು. ಒಟ್ಟು 140 ಫಲಕಗಳಿವೆ. ದಕ್ಷಿಣದ 70 ಫಲಕಗಳಲ್ಲಿ ರಾಮಾಯಣ. ಅದು ವಾಡಿಕೆಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುತ್ತದೆ. ಉತ್ತರದಲ್ಲಿ 25 ಫಲಕಗಳು ಕೃಷ್ಣನ ಕಥೆಗೆ, 45 ಮಹಾಭಾರತಕ್ಕೆ ಮೀಸಲು. ಇತರ ಹೊಯ್ಸಳ ಗುಡಿಗಳಿಗಿಂತ ಫಲಕಗಳು ದೊಡ್ಡವಾದ್ದರಿಂದ ಮಾರ್ಗದರ್ಶಿಯ ಸಹಾಯವಿಲ್ಲದೆಯೂ ಕಥೆ ಗುರುತಿಸಬಹುದು. ಮುಖಮಂಟಪದ ಬಳಿಯ ದೊಡ್ಡ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. 1209ರ ‘ಯಶೋಧರ ಚರಿತೆ’ಗೆ ಮುನ್ನವೇ ರಚನೆಯಾದ ಈ ಕಾವ್ಯ ಓಲೆಗರಿಯಲ್ಲಿ ಅಲ್ಲ, ಕಲ್ಲಿನಲ್ಲಿ ಉಳಿದಿದೆ.

ಊರೊಳಗಿನ ಕುರುಹುಗಳು

ತರೀಕೆರೆ ಪಾಳೆಯಗಾರರ ಊರು. 1830-31ರ ನಗರ ದಂಗೆಯಲ್ಲಿ ಇಲ್ಲಿನ ಸರ್ಜಾ ಹನುಮಪ್ಪ ನಾಯಕನ ಹೆಸರು ಮುಂಚೂಣಿಯಲ್ಲಿತ್ತು. ಕಡೂರು ಒಂದೊಮ್ಮೆ ಜಿಲ್ಲಾ ಕೇಂದ್ರ. 1865ರಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದರೂ ಜಿಲ್ಲೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಕರೆಸಿಕೊಂಡಿತು. ಕಡೂರಿನ 971ರ ಕಂಬದ ಶಾಸನ ಗಂಗ ರಾಜಮನೆತನದ ಪಾಂಬಬ್ಬೆಯನ್ನು ಕುರಿತದ್ದು. ಬೂತುಗನ ಅಕ್ಕನಾದ ಈಕೆ ತಲೆಗೂದಲು ಕಿತ್ತು ಜೈನ ದೀಕ್ಷೆ ಪಡೆದು 30 ವರ್ಷ ತಪಸ್ಸು ನಡೆಸಿದಳು. ರಾಜರ ದಂಡಯಾತ್ರೆಗಳೇ ತುಂಬಿರುವ ಶಾಸನಗಳ ನಡುವೆ ಇಂಥದೊಂದು ಅಪರೂಪ.

ತಲುಪುವ ಬಗೆ

ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಕಡೂರು, ಬೀರೂರು ಮತ್ತು ಅಜ್ಜಂಪುರ ನಿಲ್ದಾಣಗಳಿವೆ. ಬೀರೂರಿನಲ್ಲಿ ಕವಲೊಡೆಯುವ ಶಿವಮೊಗ್ಗ ಮಾರ್ಗದಲ್ಲಿ ತರೀಕೆರೆ ಸಿಗುತ್ತದೆ. ರಸ್ತೆಯಲ್ಲಿ ಬರುವವರಿಗೆ ತುಮಕೂರು-ಹೊನ್ನಾವರ ರಾಷ್ಟ್ರೀಯ ಹೆದ್ದಾರಿ ಅನುಕೂಲ. ತರೀಕೆರೆಯಲ್ಲಿ ಉಳಿದುಕೊಂಡರೆ ಅಮೃತಾಪುರವನ್ನು ಬೆಳಿಗ್ಗೆ ನೋಡಿ, ಮಧ್ಯಾಹ್ನದ ಹೊತ್ತಿಗೆ ಅಜ್ಜಂಪುರ, ಸಂಜೆ ಬುಕ್ಕಾಂಬುಧಿ ಎಂದು ಯೋಜಿಸಿಕೊಳ್ಳಬಹುದು. ತಳಿ ಕೇಂದ್ರದ ಒಳಗೆ ಹೋಗಲು ಮೊದಲೇ ಅನುಮತಿ ಪಡೆಯುವುದು ಸೂಕ್ತ. ಮಳೆಗಾಲ ಮುಗಿದ ಅಕ್ಟೋಬರ್‌ನಿಂದ ಜನವರಿಯವರೆಗಿನ ದಿನಗಳಲ್ಲಿ ಕಾವಲಿನ ಹುಲ್ಲು ಎದೆಮಟ್ಟ ಬೆಳೆದಿರದಿದ್ದರೂ ನೋಡಲು ಚೆನ್ನಾಗಿರುತ್ತದೆ, ಕೆರೆಯಲ್ಲಿ ನೀರೂ ಇರುವ ಸಂಭವ ಹೆಚ್ಚು.