ಜೇನ್ನೊಣಕ್ಕೆಂದು ನೆಟ್ಟ ಗಿಡಗಳು

ಕ್ರಿಸ್ತಪೂರ್ವ 37ರ ವೇಳೆಗೆ, ಎಂಬತ್ತರ ಹೊಸ್ತಿಲಲ್ಲಿ ಬೇಸಾಯವನ್ನು ಕುರಿತು ಗ್ರಂಥ ರಚಿಸಿದ ರೋಮಿನ ವಿದ್ವಾಂಸ ವಾರೋ, ಹಿಂದೆ ಸ್ಪೇನಿನಲ್ಲಿ ತನ್ನ ಕೈಕೆಳಗೆ ಸೈನಿಕರಾಗಿದ್ದ ಇಬ್ಬರು ಸೋದರರ ವೃತ್ತಾಂತವನ್ನು ಅದರಲ್ಲಿ ಹೇಳಿದ್ದಾನೆ. ಫಲೇರಿಯೈ ಪ್ರಾಂತದ ಆ ಸೋದರರಿಗೆ ಪಿತ್ರಾರ್ಜಿತವಾಗಿ ಬಂದದ್ದು ಒಂದು ಸಣ್ಣ ಮನೆ ಮತ್ತು ಒಂದು ಯೂಗೆರುಮ್ ನೆಲ, ಎಂದರೆ ನಮ್ಮ ಅಳತೆಯಲ್ಲಿ ಸುಮಾರು 25 ಗುಂಟೆ. ಅವರು ಮನೆಯ ಸುತ್ತಲೂ ಜೇನುಗೂಡುಗಳನ್ನಿರಿಸಿ, ಕೈತೋಟಕ್ಕೆಂದು ಸ್ವಲ್ಪ ಜಾಗ ಬಿಟ್ಟು, ಮಿಕ್ಕ ನೆಲದಲ್ಲೆಲ್ಲ ಥೈಮ್, ಸಿಟಿಸಸ್, ನಿಂಬೆಯ ಕಂಪುಳ್ಳ ಮೆಲಿಸ್ಸ ಇವುಗಳನ್ನೇ ಬೆಳೆದು, ಜೇನಿನಿಂದ ವರ್ಷಕ್ಕೆ ಸರಾಸರಿ 10,000 ಸೆಸ್ಟರ್ಸ್ ನಾಣ್ಯಗಳಿಗೆ ಕಡಿಮೆಯಿಲ್ಲದಂತೆ ಸಂಪಾದಿಸುತ್ತಿದ್ದರಂತೆ. ವರ್ತಕನ ಅವಸರಕ್ಕೆ ಮಾರದೆ, ಬೆಲೆ ಬರುವ ಕಾಲವನ್ನು ಕಾದು ಮಾರುವ ತಾಳ್ಮೆಯೂ ಅವರಿಗಿದ್ದಿತು.

ಇದು ಆ ಸೋದರರೇ ಹೂಡಿದ ಹೊಸ ಯುಕ್ತಿಯೇನಲ್ಲ. ಅಥೆನ್ಸಿನ ಬಳಿಯ ಹಿಮೆಟ್ಟಸ್ ಬೆಟ್ಟದ ಜೇನು ಪ್ರಸಿದ್ಧವಾದದ್ದು ಅಲ್ಲಿನ ಬಂಡೆಗಳ ನಡುವೆ ತಾನಾಗಿ ಬೆಳೆಯುವ ಥೈಮಿನಿಂದ ಎಂಬುದು ಪ್ರಾಚೀನರಿಗೆ ತಿಳಿದಿದ್ದಿತಾಗಿ, ಬೆಟ್ಟವನ್ನು ಮನೆಯ ಬಳಿಗೆ ತರಲಾರದವರು ಗಿಡವನ್ನಾದರೂ ತಂದು ನೆಟ್ಟುಕೊಂಡರು. ವರ್ಜಿಲ್ ಕವಿ ತನ್ನ ಕೃಷಿಕಾವ್ಯದ ನಾಲ್ಕನೆಯ ಭಾಗವನ್ನು ಜೇನ್ನೊಣಗಳಿಗೆ ಮೀಸಲಿಟ್ಟು, ಗೂಡಿನ ಸುತ್ತ ಸುಗಂಧದ ಮೂಲಿಕೆಗಳು ಹೂಬಿಡಲೆಂದೂ ಯೂ ಮರವು ಸಮೀಪದಲ್ಲಿ ಇರಕೂಡದೆಂದೂ ವಿಧಿಸಿದನು. ಮುಂದಿನ ಶತಮಾನದ ಕೃಷಿಗ್ರಂಥಕಾರ ಕೊಲುಮೆಲ್ಲನು ಜೇನಿನ ರುಚಿಯ ತಾರತಮ್ಯವನ್ನೇ ನಿರ್ಣಯಿಸಿ, ಥೈಮಿಗೆ ಅಗ್ರಸ್ಥಾನವನ್ನೂ, ನಮ್ಮ ಮರುಗದ ಹತ್ತಿರದ ಬಂಧುವಾದ ಒರಿಗಾನೋ ಮೊದಲಾದವಕ್ಕೆ ಎರಡನೆಯದನ್ನೂ, ರೋಸ್‌ಮೆರಿಗೆ ಮೂರನೆಯದನ್ನೂ ಕೊಟ್ಟನು. ಇವೆಲ್ಲವೂ ತುಳಸಿ, ಪುದೀನ, ಕಾಮಕಸ್ತೂರಿಗಳ ಕುಲಕ್ಕೇ ಸೇರಿದವು. ಕದಿರುಬಿಟ್ಟ ತುಳಸಿಯ ಸುತ್ತಣ ಝೇಂಕಾರವನ್ನು ಕೇಳಿದವರಿಗೆ ಕೊಲುಮೆಲ್ಲನ ತೀರ್ಪು ಅಪರಿಚಿತವೆನಿಸದು.

ಇಷ್ಟು ಸೂಕ್ಷ್ಮವಾಗಿ ನೋಡಿದ ಈ ಜನರು ನೋಡಿದ್ದೆಲ್ಲವೂ ಒಂದೇ ದಿಕ್ಕಿನಿಂದ ಎಂಬುದು ವಿಸ್ಮಯದ ಸಂಗತಿ. ಜೇನ್ನೊಣವು ಒಮ್ಮೆ ಹೊರಟರೆ ಗೂಡಿಗೆ ಮರಳುವವರೆಗೆ ಒಂದೇ ಜಾತಿಯ ಹೂಗಳನ್ನು ಅರಸುವುದೆಂದು ಅರಿಸ್ಟಾಟಲನು ಆಗಲೇ ಬರೆದಿದ್ದನು; ಆದರೆ ಈ ನಿಷ್ಠೆಯಿಂದ ಹೂವಿಗೆ ಏನು ಲಾಭವೆಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಹೂವು ಕೊಡುವುದು, ನೊಣ ಕೊಳ್ಳುವುದು, ಮನುಷ್ಯನು ಇಬ್ಬರಿಂದಲೂ ಕಸಿದುಕೊಳ್ಳುವುದು, ಇದಿಷ್ಟೇ ಅವರು ಬಲ್ಲ ವ್ಯವಹಾರ.

ರೋಮಿನ ಸಾಮ್ರಾಜ್ಯವಳಿದ ಮೇಲೆ ಈ ವಿದ್ಯೆ ಕ್ರೈಸ್ತ ಮಠಗಳನ್ನು ಆಶ್ರಯಿಸಿತು. ದೇವಾಲಯದ ದೀಪಕ್ಕೆ ಮೇಣ ಬೇಕು, ರೋಗಿಗೆ ಮೂಲಿಕೆ ಬೇಕು. ಕ್ರಿಸ್ತಶಕ 820ರ ಸುಮಾರಿನಲ್ಲಿ ರೈಖೆನೌ ಮಠದಲ್ಲಿ ರಚಿತವಾಗಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠಕ್ಕೆ ಹೋದ ಚರ್ಮಪತ್ರದ ನಕ್ಷೆಯೊಂದು ಇಂದಿಗೂ ಉಳಿದಿದೆ. ಅದರಲ್ಲಿ ವೈದ್ಯನ ಮನೆಯ ಮಗ್ಗುಲಲ್ಲಿ 16 ಮಡಿಗಳ ಮೂಲಿಕೆಯ ತೋಟ. ಸೇಜ್, ರೋಸ್‌ಮೆರಿ, ಪುದೀನಗಳೊಡನೆ ನಮ್ಮ ಮೆಂತ್ಯ ಜೀರಿಗೆಗಳೂ ಇವೆ. ಒಂದೊಂದು ಮಡಿಗೆ ಒಂದೊಂದೇ ಗಿಡ. ಔಷಧ ಕೀಳುವವನ ಕೈ ತಪ್ಪದಿರಲೆಂದೇ ಈ ಕ್ರಮವನ್ನಿಟ್ಟಿರಬೇಕು. ಆದರೆ ಅರಿಸ್ಟಾಟಲನು ಕಂಡ ನೊಣಕ್ಕೆ ಇದಕ್ಕಿಂತ ಹಿತವಾದ ವಿನ್ಯಾಸವನ್ನು ಅದನ್ನೇ ಕೇಳಿ ರಚಿಸಿದರೂ ರಚಿಸಲಾಗುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಅದೇ ರೈಖೆನೌವಿನ ಮಠಾಧಿಪತಿಯಾಗಿ 849ರಲ್ಲಿ ತೀರಿಕೊಂಡ ವಾಲಾಫ್ರಿಡ್ ಸ್ಟ್ರಾಬೋ, ತನ್ನ ತೋಟವನ್ನು ಕುರಿತ ಲ್ಯಾಟಿನ್ ಕಾವ್ಯದಲ್ಲಿ ಗಿಡಗಳ ವರ್ಣನೆಯನ್ನು ಸೇಜಿನಿಂದಲೇ ಆರಂಭಿಸಿ, ಅದರ ಎಳೆಯ ಕುಡಿಗಳು ಹಳೆಯ ಕಾಂಡವನ್ನು ಅಮುಕುವುದನ್ನು ಕೂಡ ಗಮನಿಸಿದನು.

ಅದೇ ಸೇಜಿನ ಹೂವಿನ ಒಳಗುಟ್ಟು ಬಯಲಾಗಲು ಮತ್ತೆ ಸುಮಾರು ಒಂಬೈನೂರು ವರ್ಷ ಹಿಡಿಯಿತು. ಹೂವಿಗೆ ಕೀಟಗಳಿಂದ ಪರಾಗ ದೊರೆಯುವುದನ್ನು 1761ರಲ್ಲಿ ಸಸ್ಯವಿಜ್ಞಾನಿ ಕ್ಯೋಲ್ರಾಯ್ಟರ್ ಗುರುತಿಸಿದ್ದನಾದರೂ, ಹೂವಿನ ಅಂಗಾಂಗವೆಲ್ಲ ಈ ಅತಿಥಿಗಾಗಿಯೇ ರೂಪುಗೊಂಡಿದೆಯೆಂದು ಸಾಧಿಸಿದವನು ಬರ್ಲಿನ್ ಬಳಿಯ ಸ್ಪಾಂಡೌವಿನ ಶಾಲಾಧಿಪತಿ ಕ್ರಿಸ್ಟಿಯನ್ ಕೊನ್ರಾಡ್ ಸ್ಪ್ರೆಂಗೆಲ್. 1787ರಲ್ಲಿ ಕಾಡು ಜೆರೇನಿಯಮಿನ ಎಸಳಿನ ಬುಡದ ನವಿರಾದ ರೋಮಗಳನ್ನು ಕಂಡು, ಸೃಷ್ಟಿಕರ್ತನು ಒಂದು ರೋಮವನ್ನೂ ವ್ಯರ್ಥವಾಗಿ ನಿರ್ಮಿಸಿರಲಾರನೆಂದು ತರ್ಕಿಸಿ, ಅವು ಮಳೆಯಿಂದ ಮಕರಂದವನ್ನು ಕಾಯುವುದಕ್ಕಾಗಿ ಇವೆಯೆಂದು ಆತ ನಿಶ್ಚಯಿಸಿದನು; 1793ರಲ್ಲಿ ಪ್ರಕಟವಾದ ಗ್ರಂಥದಲ್ಲಿ 461 ಜಾತಿಯ ಹೂಗಳನ್ನು ಪರೀಕ್ಷಿಸಿದನು. ಸೇಜಿನ ಕೇಸರವು ಏತದಂತೆ ತೂಗುವ ಸಲಾಕೆ; ಮಧುವಿಗೆಂದು ತಲೆಯನ್ನು ಒಳಗೆ ತೂರಿಸಿದ ನೊಣವು ಅದರ ಕೆಳತುದಿಯನ್ನು ದೂಡಲು, ಮೇಲ್ತುದಿಯು ಬಾಗಿ ಬೆನ್ನಿಗೆ ಪರಾಗವನ್ನು ಬಳಿಯುತ್ತದೆ; ಮುಂದೆ ಪ್ರಾಯಬಲಿತ ಹೂವೊಂದರಲ್ಲಿ, ಕೆಳಗೆ ಬಾಗಿ ನಿಂತ ಶಲಾಕಾಗ್ರವು, ಎಂದರೆ ಹೆಣ್ಣಂಗದ ತುದಿಯು, ಅದೇ ಜಾಗವನ್ನು ಸವರಿ ಆ ಪರಾಗವನ್ನು ಪಡೆಯುತ್ತದೆ.

ಸಮಕಾಲೀನರು ಈ ಗ್ರಂಥವನ್ನು ಆದರಿಸಲಿಲ್ಲ. ಮರುವರ್ಷವೇ ಸ್ಪ್ರೆಂಗೆಲನ ಶಾಲಾಧಿಪತ್ಯವೂ ಹೋಯಿತು. ಡಾರ್ವಿನ್ನನು ಅದನ್ನು ಓದಿ ಮೆಚ್ಚಿದ್ದು 1841ರಲ್ಲಿ, ಕರ್ತೃವು ಗತಿಸಿ 25 ವರ್ಷಗಳಾದ ಮೇಲೆ. ಆದರೆ ತೋಟಗಾರರ ಪಾಲಿಗೆ ಹೆಚ್ಚಿನ ಮಹತ್ತ್ವದ್ದೆಂದು ನಾನು ಬಗೆಯುವುದು 1811ರ ಅವನ ಕಿರುಪುಸ್ತಕವನ್ನು. ಜೇನ್ನೊಣದ ಮುಖ್ಯ ಉಪಕಾರವು ಜೇನೂ ಅಲ್ಲ, ಮೇಣವೂ ಅಲ್ಲ, ಹೂವನ್ನು ಫಲವಂತವಾಗಿಸುವುದೇ ಎಂದು ಅದರಲ್ಲಿ ವಾದಿಸಿದ ಸ್ಪ್ರೆಂಗೆಲ್, ರಾಜ್ಯವು ಖಾಯಂ ಸೈನ್ಯವನ್ನು ಸಾಕುವಂತೆಯೇ ಜೇನ್ನೊಣಗಳನ್ನೂ ಸಾಕಬೇಕೆಂದು ಕೇಳಿಕೊಂಡನು. ಅದು ನೆಪೋಲಿಯನ್ನನ ಯುದ್ಧಗಳ ಕಾಲ. ಪ್ರಷ್ಯದ ಸರ್ಕಾರಕ್ಕೆ ಬೇಕಾಗಿದ್ದ ಸೈನ್ಯವೇ ಬೇರೆ.