ಕಲ್ಲು ಕಲಿಸಿದ ಕೋಲಾಟ

ಬುಕ್ಕಸಾಗರದವರಿಗೆ ಹಂಪಿ ಎಂದರೆ ಪ್ರವಾಸದ ಊರಲ್ಲ, ನೆರೆಮನೆ. ಆದರೂ ನಮ್ಮ ಮಕ್ಕಳು ಇತಿಹಾಸವೆಂದರೆ ರಾಜರ ಹೆಸರು, ಯುದ್ಧಗಳ ಇಸವಿ ಎಂದೇ ಬಾಯಿಪಾಠ ಮಾಡುತ್ತಾರೆ. ಆ ಕಾಲದ ಹೆಣ್ಣುಮಕ್ಕಳು ಏನು ಮಾಡುತ್ತಿದ್ದರು ಎಂದು ಕೇಳಿದರೆ ಪುಸ್ತಕ ಮೌನವಾಗುತ್ತದೆ, ಕಲ್ಲು ಮಾತಾಡುತ್ತದೆ. ಹಜಾರ ರಾಮ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರ ಸಾಲುಗಳ ಜೊತೆಗೇ ಕುಣಿಯುವ ಹೆಂಗಸರ ಸಾಲೂ ಇದೆ. ಮಹಾನವಮಿ ದಿಬ್ಬದ ಕೆತ್ತನೆಗಳಲ್ಲಿ ಕೋಲು ಹಿಡಿದವರಿದ್ದಾರೆ. ಅದು ನಮ್ಮ ಕೋಲಾಟವೇ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಮನೆಯ ಹೆಂಗಸರಿಗೆ ಕುಣಿತ ಕಲಿಸುವ ಒಂದು ಉದ್ದನೆಯ ಮನೆಯನ್ನು ವರ್ಣಿಸಿದ್ದಾನೆ. ಅಲ್ಲಿ ಪ್ರತಿ ಕುಣಿತದ ಕೊನೆಯ ಭಂಗಿಯನ್ನು ಫಲಕಗಳಲ್ಲಿ ಕೆತ್ತಿದ್ದರಂತೆ. ಹೇಗೆ ನಿಲ್ಲಬೇಕೆಂಬುದು ಮರೆತರೆ ಫಲಕ ನೋಡಿ ನೆನಪು ಮಾಡಿಕೊಳ್ಳಬೇಕು. ಮೈ ಬಳುಕಿಸಿ ಹದ ಮಾಡಿಕೊಳ್ಳಲು ಕೈಯಿಂದ ಹಿಡಿದು ಜಗ್ಗುವ ಜಾಗವೂ ಒಂದು ಮೂಲೆಯಲ್ಲಿತ್ತಂತೆ. ಇದನ್ನು ಓದಿದಾಗ ಬಿ.ಎಡ್. ತರಗತಿಯಲ್ಲಿ ಕಲಿತ ಪಾಠೋಪಕರಣಗಳೆಲ್ಲ ಹಳೆಯವೇ ಎನಿಸಿತು.

ಆ ಉಪಾಯವನ್ನೇ ನಾನು ಆಟವಾಗಿಸಿದೆ. ಮಕ್ಕಳು ಕೆತ್ತನೆಯ ಮುಂದೆ ನಿಂತು ಒಂದೊಂದು ಭಂಗಿ ಆರಿಸಿಕೊಳ್ಳಬೇಕು. ಶಾಲೆಯ ಅಂಗಳದಲ್ಲಿ ಮೊದಲು ಬರಿ ಚಪ್ಪಾಳೆ, ಆಮೇಲೆ ಕೋಲು: ನಂದು, ನಂದು, ನಿಂದು, ನಂದು. ಹೊಡೆತ ನಿಂತಕೂಡಲೇ ಎಲ್ಲರೂ ತಮ್ಮ ಭಂಗಿಯಲ್ಲಿ ಕಲ್ಲಾಗಬೇಕು. ನಕ್ಕವರು ಔಟ್! ಲೆಕ್ಕದಲ್ಲಿ ಹಿಂದಿದ್ದ ಹುಡುಗಿಯೂ ಹೊಡೆತದ ಎಣಿಕೆ ತಪ್ಪಲಿಲ್ಲ. ಹಾಡು ಅಜ್ಜಿಯರಿಂದ ಬಂತು. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹಿಡಿದು ತಾವು ಆಡಿದ ಹೆಜ್ಜೆಗಳನ್ನು ಅವರೇ ಬಂದು ತೋರಿಸಿಕೊಟ್ಟರು.

ಒಂದು ದಿನ ಏಳನೇ ತರಗತಿಯ ಹುಡುಗಿಯ ತಾಯಿ ಬಂದಳು. "ಅಕ್ಕೋರ, ಮಗಳು ದೊಡ್ಡಾಕಿ ಆಗ್ಯಾಳ್ರೀ. ಇನ್ನ ಕುಣಿಯೋದು ಬ್ಯಾಡ. ಮಂದಿ ಏನಂತಾರ?"

ಆ ಅಂಜಿಕೆಗೂ ಇತಿಹಾಸವಿದೆ, ನಗುವಂತಿಲ್ಲ. ಬಡಮನೆಯ ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟ ನಾಡು ಇದು. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿತ್ತು. ಮದರಾಸು 1947ರಲ್ಲಿ, ಕರ್ನಾಟಕ 1982ರಲ್ಲಿ ಆ ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದವು. ಸರಿಯಾದ ಕೆಲಸವೇ. ಆದರೆ ಹೆಣ್ಣನ್ನು ಬಳಸಿಕೊಂಡವರಿಗೆ ತಟ್ಟಬೇಕಾದ ಕಳಂಕ ಕುಣಿಯುವ ಕಾಲಿಗೆ ತಟ್ಟಿತು. ಗಂಡಸರ ಕೋಲಾಟಕ್ಕೆ ಯಾರೂ ವಯಸ್ಸು ಕೇಳುವುದಿಲ್ಲ, ಹುಡುಗಿಗೆ ಹನ್ನೆರಡಕ್ಕೇ ಕೋಲು ಕೆಳಗಿಡು ಎನ್ನುತ್ತಾರೆ.

ನಾನು ವಾದ ಮಾಡಲಿಲ್ಲ. "ಕೂತು ನೋಡ್ರಿ" ಎಂದೆ. ಅಂಗಳದಲ್ಲಿ ಒಬ್ಬರನ್ನು ನೋಡಲು ಇನ್ನೊಬ್ಬರು ಕೂತಿರಲಿಲ್ಲ, ಎಲ್ಲರೂ ಸುತ್ತಿನಲ್ಲೇ ಇದ್ದರು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದವಳು, "ಹಂಗಲ್ಲ, ಬಲಗಾಲು ಮುಂದ" ಎಂದು ಎದ್ದೇಬಿಟ್ಟಳು! ಮಗಳು ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಳು. ಅವ್ವನಿಗೆ ಕೋಲಾಟ ಬರುತ್ತದೆಂದು ಆಕೆಗೆ ಗೊತ್ತೇ ಇರಲಿಲ್ಲ.

1565ರ ಯುದ್ಧದ ನಂತರ ಅರಮನೆಗಳು ಬರಿ ಅಡಿಪಾಯಗಳಾಗಿ ಉಳಿದವು. ಕೋಲಾಟ ಉಳಿದದ್ದು ಇಂಥ ಅವ್ವಂದಿರ ಕಾಲಲ್ಲಿ. ಪೇಸ್ ಕಂಡ ಕುಣಿತದ ಮನೆ ಅರಸನ ಹೆಂಗಸರಿಗೆ ಮೀಸಲಾಗಿತ್ತು. ಸರಕಾರಿ ಶಾಲೆಯ ಅಂಗಳ ಎಲ್ಲರ ಮನೆಯ ಹೆಣ್ಣುಮಕ್ಕಳದು.